ನಿಂತ ಕಡತ ಮುಂದೆ ಸಾಗಬೇಕಾದರೆ: ಸ್ವೀಕೃತಿ, ಸಕಾಲ, ಮಾಹಿತಿ ಹಕ್ಕು

ಜಾತಿ-ಆದಾಯ ಪ್ರಮಾಣಪತ್ರವಿರಲಿ, ಖಾತಾ ಬದಲಾವಣೆಯಿರಲಿ, ಜನನ ಪ್ರಮಾಣಪತ್ರದಲ್ಲಿ ಹೆಸರಿನ ತಿದ್ದುಪಡಿಯಿರಲಿ, ಕೌಂಟರಿನಲ್ಲಿ ಕೇಳಿಬರುವ ಉತ್ತರಗಳು ನಾಲ್ಕೈದೇ. ‘ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ’, ‘ಸರ್ವರ್ ಇಲ್ಲ’, ‘ಕೇಸ್ ವರ್ಕರ್ ರಜೆ’, ‘ಮುಂದಿನ ವಾರ ಬಂದು ನೋಡಿ’. ಇವುಗಳಲ್ಲಿ ಕೆಲವು ನಿಜವೂ ಇರುತ್ತವೆ. ಆದರೆ ಎಲ್ಲವೂ ಬಾಯಿಮಾತು. ಬಾಯಿಮಾತಿಗೆ ದಿನಾಂಕವಿಲ್ಲ, ಸಹಿಯಿಲ್ಲ, ಅದರ ವಿರುದ್ಧ ಮೇಲ್ಮನವಿ ಹಾಕಲು ಬರುವುದಿಲ್ಲ. ಎಷ್ಟು ಸಲ ಅಲೆದರೂ ಕಚೇರಿಯ ದಾಖಲೆಯಲ್ಲಿ ನೀವು ಬಂದೇ ಇಲ್ಲ.

ಹಾಗಾಗಿ ಮಾಡಬೇಕಾದ ಮುಖ್ಯ ಕೆಲಸ ಒಂದೇ. ಪ್ರತಿ ಹಂತದಲ್ಲೂ ಕಚೇರಿಯ ಉತ್ತರ ಕಾಗದದ ಮೇಲೆ ಬರುವಂತೆ ನೋಡಿಕೊಳ್ಳುವುದು. ಕರ್ನಾಟಕದಲ್ಲಿ ಇದಕ್ಕೆ ಎರಡು ಕಾನೂನುಗಳ ಬಲವಿದೆ. ಒಂದು, ಸರ್ಕಾರಿ ಸೇವೆಗಳನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆ. ಇನ್ನೊಂದು, 2005ರ ಮಾಹಿತಿ ಹಕ್ಕು ಕಾಯ್ದೆ. ಎರಡಕ್ಕೂ ವಕೀಲರು ಬೇಕಿಲ್ಲ, ಪ್ರಭಾವಿಗಳ ಪರಿಚಯವೂ ಬೇಕಿಲ್ಲ.

ಅರ್ಜಿ ಕೊಡುವ ಮೊದಲು

ಯಾವ ಸೇವೆಗೆ ಯಾವ ದಾಖಲೆ ಬೇಕು ಎಂಬ ಪಟ್ಟಿ ಸಕಾಲ ಮತ್ತು ಸೇವಾ ಸಿಂಧು (ಆನ್‌ಲೈನಿನಲ್ಲಿ ಅರ್ಜಿ ಹಾಕುವ ರಾಜ್ಯದ ತಾಣ) ಜಾಲತಾಣಗಳಲ್ಲಿ ಇರುತ್ತದೆ. ಅದನ್ನು ಮುದ್ರಿಸಿಕೊಂಡು ಹೋಗಿ. ಕೌಂಟರಿನಲ್ಲಿ ಹೇಳುವ ಪಟ್ಟಿ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ದಾಖಲೆ ಕೇಳಿದರೆ ಜಗಳ ಬೇಡ. ‘ಇದು ಬೇಕು ಅಂತ ಹಿಂಬರಹದಲ್ಲಿ ಬರೆದುಕೊಡಿ, ತಂದುಕೊಡುತ್ತೇನೆ’ ಎನ್ನಿ. ನಿಯಮದಲ್ಲಿ ಇಲ್ಲದ್ದನ್ನು ಸಹಿ ಹಾಕಿ ಕೇಳಲು ಯಾರೂ ಸುಲಭಕ್ಕೆ ಮುಂದಾಗುವುದಿಲ್ಲ.

ಅರ್ಜಿ ವಾಪಸ್ ಬರಲು ಬಹುಪಾಲು ಕಾರಣ ಹೆಸರಿನ ವ್ಯತ್ಯಾಸ. ಒಂದು ದಾಖಲೆಯಲ್ಲಿ ‘ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ್ ಕೆ’, ಮತ್ತೊಂದರಲ್ಲಿ ಇನಿಶಿಯಲ್ ಬದಲು ತಂದೆಯ ಪೂರ್ತಿ ಹೆಸರು. ಓದುವ ನಮಗೆ ಇವೆಲ್ಲ ಒಬ್ಬರೇ, ಗಣಕಯಂತ್ರಕ್ಕೆ ಮೂವರು. ಅರ್ಜಿ ಹಾಕುವ ಮೊದಲೇ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಡಿತರ ಚೀಟಿ, ಆಸ್ತಿಯ ವಿಷಯವಾದರೆ ಕ್ರಯಪತ್ರ, ಇವನ್ನು ಒಟ್ಟಿಗೆ ಇಟ್ಟು ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಬಿಡಬೇಡಿ. ವ್ಯತ್ಯಾಸ ಸಿಕ್ಕಿದರೆ ತಿದ್ದಿಸಲು ಅತಿ ಕಷ್ಟವಾದ ದಾಖಲೆಯನ್ನು ಹಾಗೆಯೇ ಬಿಟ್ಟು, ಉಳಿದವನ್ನು ಅದಕ್ಕೆ ಹೊಂದಿಸಿ. ಸಾಮಾನ್ಯವಾಗಿ ಆ ದಾಖಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಸಲ ಮಾತ್ರ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅವಸರದಲ್ಲಿ ಹೆಸರನ್ನು ಒಂದು ಸಲ ತಪ್ಪಾಗಿ ತಿದ್ದಿಸಿಕೊಂಡರೆ ಉಳಿಯುವುದು ಒಂದೇ ಅವಕಾಶ.

ಇನ್ನೊಂದು ಎಡವಟ್ಟು ಸೈಬರ್ ಸೆಂಟರಿನಲ್ಲಿ ಆಗುತ್ತದೆ. ಅರ್ಜಿ ತುಂಬುವವರು ಒಟಿಪಿ ಬೇಗ ಬರಲೆಂದು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಆಮೇಲೆ ‘ದಾಖಲೆ ಸ್ಪಷ್ಟವಿಲ್ಲ, ಮತ್ತೆ ಅಪ್‌ಲೋಡ್ ಮಾಡಿ’ ಎಂಬ ಸಂದೇಶ ಅವರ ಫೋನಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ, ಅರ್ಜಿ ತಿರಸ್ಕೃತವಾಗುತ್ತದೆ. ‘ಸಲ್ಲಿಸು’ ಒತ್ತುವ ಮೊದಲು ಪರದೆ ನಿಮ್ಮ ಕಡೆ ತಿರುಗಿಸಿಕೊಂಡು ಮೊಬೈಲ್ ಸಂಖ್ಯೆ, ಹೆಸರು, ವಿಳಾಸ ಓದಿ ನೋಡಿ.

ಕಾಗದದ ಅರ್ಜಿಯಾದರೆ ಲಗತ್ತುಗಳಿಗೆಲ್ಲ ಪುಟಸಂಖ್ಯೆ ಹಾಕಿ, ಪ್ರತಿ ಪುಟಕ್ಕೂ ಸಹಿ ಮಾಡಿ, ಅರ್ಜಿಯ ಕೊನೆಯಲ್ಲಿ ‘ಲಗತ್ತುಗಳು 7, ಒಟ್ಟು ಪುಟ 14’ ಎಂಬಂತೆ ಬರೆಯಿರಿ. ಮುಂದೆ ‘ಆ ದಾಖಲೆ ಕೊಟ್ಟೇ ಇಲ್ಲ’ ಎಂಬ ಮಾತು ಬಂದರೆ ಈ ಒಂದು ಸಾಲು ಸಾಕು.

ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ

ಇಡೀ ಹೋರಾಟದ ಅಡಿಪಾಯ ಇಲ್ಲಿದೆ, ಹೆಚ್ಚಿನವರು ಸೋಲುವುದೂ ಇಲ್ಲೇ. ಸಕಾಲ ವ್ಯಾಪ್ತಿಯ ಸೇವೆಯಾದರೆ ಅರ್ಜಿ ತೆಗೆದುಕೊಂಡ ಕೂಡಲೇ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ (ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಕೊಡಬೇಕು. ಸೇವೆ ಯಾವತ್ತಿನೊಳಗೆ ಸಿಗಬೇಕು ಎಂಬುದೂ ಅದರಲ್ಲಿ ಇರುತ್ತದೆ. ಗಡುವಿನ ಎಣಿಕೆ ಶುರುವಾಗುವುದು ಈ ಸಂಖ್ಯೆಯಿಂದ. ‘ಇಟ್ಟು ಹೋಗಿ, ನೋಡ್ತೀವಿ’ ಎಂದು ಅರ್ಜಿಯನ್ನು ಮೇಜಿನ ಮೇಲೆ ಇಡಿಸಿಕೊಂಡರೆ ಎಣಿಕೆ ಶುರುವೇ ಆಗಿಲ್ಲ ಎಂದರ್ಥ. ಮೂರು ತಿಂಗಳ ನಂತರ ಹೋದರೂ ಲೆಕ್ಕದಲ್ಲಿ ವಿಳಂಬವಿಲ್ಲ.

ಸಕಾಲಕ್ಕೆ ಸೇರದ ವಿಷಯವಾದರೆ ಟಪಾಲು ವಿಭಾಗ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಪಡೆದವರ ಸಹಿ, ಒಳಬರುವ ಪತ್ರಗಳ ವಹಿಯ ಕ್ರಮಸಂಖ್ಯೆ ಹಾಕಿಸಿಕೊಳ್ಳಿ. ನಾಲ್ಕರಲ್ಲಿ ಮೊಹರು ಮಾತ್ರ ಹಾಕಿ ಕಳಿಸುವುದುಂಟು. ಕ್ರಮಸಂಖ್ಯೆ ಇಲ್ಲದ ಮೊಹರಿನಿಂದ ಕಡತ ಹುಡುಕುವುದು ಕಷ್ಟ, ಆದ್ದರಿಂದ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಿ.

ತೆಗೆದುಕೊಳ್ಳಲು ಒಪ್ಪದಿದ್ದರೆ ವಾದಿಸುತ್ತಾ ನಿಲ್ಲಬೇಡಿ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆ ರಸೀದಿ ಮತ್ತು ತಲುಪಿದ ವಿವರದ ಮುದ್ರಿತ ಪ್ರತಿ ಎರಡನ್ನೂ ಇಟ್ಟುಕೊಳ್ಳಿ. ತಲುಪಿದ ವಿವರ ಜಾಲತಾಣದಲ್ಲಿ ಬಹಳ ಕಾಲ ಉಳಿಯುವುದಿಲ್ಲ, ಕಂಡ ದಿನವೇ ಮುದ್ರಿಸಿ.

ವಿಳಾಸದಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆ ಬರೆಯಿರಿ: ‘ತಹಶೀಲ್ದಾರರು’, ‘ಸಹಾಯಕ ಕಂದಾಯ ಅಧಿಕಾರಿಗಳು’. ವರ್ಗಾವಣೆಯಾದರೂ ಕಾಗದ ಆ ಕುರ್ಚಿಗೇ ಸೇರುತ್ತದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಖಾತಾ, ಚರಂಡಿ, ಬೀದಿದೀಪ ಮೂರನ್ನೂ ಒಂದೇ ಕಾಗದದಲ್ಲಿ ಬರೆದರೆ ಅದು ಮೂರು ಶಾಖೆಗಳ ನಡುವೆ ಅಲೆಯುತ್ತದೆ. ಯಾವ ಶಾಖೆಯೂ ತನ್ನದೆಂದು ಒಪ್ಪಿಕೊಳ್ಳುವುದಿಲ್ಲ.

ಬೆಂಗಳೂರಿನವರು ಈಗ ಕಚೇರಿಯ ಹೆಸರನ್ನೂ ನೋಡಿಕೊಳ್ಳಬೇಕು. 2025ರಲ್ಲಿ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ರಸೀದಿ, ಹಳೆಯ ಅರ್ಜಿಗಳನ್ನು ಎಸೆಯಬೇಡಿ. ‘ಆ ಕಡತ ನಮಗೆ ಹಸ್ತಾಂತರವಾಗಿಲ್ಲ’ ಎಂಬ ಉತ್ತರ ಬಂದಾಗ ಬೇಕಾಗುವುದು ಅವೇ.

ಗಡುವು ಮೀರಿದ ಮೇಲೆ

ಸಕಾಲ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. 11 ಇಲಾಖೆಗಳ 151 ಸೇವೆಗಳಿಂದ ಶುರುವಾಗಿ ಈಗ ಬಹಳ ಬೆಳೆದಿದೆ. ಅದರಲ್ಲಿ ಮೂರು ಮೆಟ್ಟಿಲು. ಸೇವೆ ಕೊಡಬೇಕಾದವರು ಗೊತ್ತುಪಡಿಸಿದ ಅಧಿಕಾರಿ. ಅವರು ಕೊಡದಿದ್ದರೆ ಮೇಲ್ಮನವಿ ಕೇಳುವವರು ಸಕ್ಷಮ ಅಧಿಕಾರಿ. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರ.

ಜಿಎಸ್‌ಸಿ ಸಂಖ್ಯೆ ಹಾಕಿ ಸಕಾಲ ಜಾಲತಾಣದಲ್ಲಿ ಸ್ಥಿತಿ ನೋಡಿ. ಗಡುವು ಮೀರಿದ್ದರೆ ಅಥವಾ ಅರ್ಜಿ ತಿರಸ್ಕೃತವಾಗಿದ್ದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ, ಆನ್‌ಲೈನಿನಲ್ಲೇ ಆಗುತ್ತದೆ. ನಾಲ್ಕು ಸಾಲು ಸಾಕು: ಜಿಎಸ್‌ಸಿ ಸಂಖ್ಯೆ, ಅರ್ಜಿ ದಿನಾಂಕ, ಸೇವೆ ಸಿಗಬೇಕಿದ್ದ ದಿನಾಂಕ, ‘ಸೇವೆಯನ್ನೂ ಪರಿಹಾರ ವೆಚ್ಚವನ್ನೂ ಕೊಡಿಸಬೇಕು’ ಎಂಬ ಕೋರಿಕೆ. ಪರಿಹಾರ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ. ಮೊತ್ತ ಸಣ್ಣದೆಂದು ಬಿಟ್ಟುಬಿಡಬೇಡಿ. ವಿಳಂಬ ಮಾಡಿದವರಿಂದ ವಸೂಲಾಗುವ ಹಣ ಅದು. ಕೇಳಿದಾಗ ತಡ ಯಾರದು ಎಂಬ ಪ್ರಶ್ನೆ ಕಡತದಲ್ಲಿ ದಾಖಲಾಗುತ್ತದೆ. ಕಡತಕ್ಕೆ ವೇಗ ಬರುವುದು 500 ರೂಪಾಯಿಯಿಂದಲ್ಲ, ಆ ದಾಖಲೆಯಿಂದ.

ಒಂದು ಎಚ್ಚರಿಕೆ. ಗಡುವು ಹತ್ತಿರ ಬಂದಾಗ ‘ದಾಖಲೆ ಕೊರತೆ’ ಎಂದು ಅರ್ಜಿ ತಿರಸ್ಕರಿಸುವುದುಂಟು. ಆಗ ವಿಳಂಬದ ಪಟ್ಟಿಯಲ್ಲಿ ಆ ಅರ್ಜಿ ಕಾಣುವುದಿಲ್ಲ. ‘ಇನ್ನೊಂದು ಸಲ ಹಾಕಿ’ ಎಂಬ ಸಲಹೆಗೆ ಒಪ್ಪಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಲೇಬೇಕೆಂದು ಕಾಯ್ದೆ ಹೇಳುತ್ತದೆ. ಕಾರಣ ಓದಿ. ತಪ್ಪು ನಿಮ್ಮದಾದರೆ ಹೊಸ ಅರ್ಜಿಯೇ ಬೇಗ ಮುಗಿಯುವ ದಾರಿ. ದಾಖಲೆ ಕೊಟ್ಟಿದ್ದೂ ‘ಕೊರತೆ’ ಎಂದಿದ್ದರೆ ಪುಟಸಂಖ್ಯೆ ಹಾಕಿದ ನಿಮ್ಮ ಸ್ವೀಕೃತಿ ಪ್ರತಿಯೊಂದಿಗೆ ಮೇಲ್ಮನವಿಗೆ ಹೋಗಿ.

ಮಾಹಿತಿ ಹಕ್ಕು ಅರ್ಜಿ

ಸಕಾಲಕ್ಕೆ ಸೇರದ ಕಡತಗಳಿಗೆ, ಮೇಲ್ಮನವಿಯಲ್ಲೂ ನಿಂತ ಕಡತಗಳಿಗೆ ಇದೇ ಮದ್ದು. ಇದು ಕೆಲಸ ಮಾಡುವ ಬಗೆ ಸರಳ. ಪ್ರತಿ ಕೊಡಬೇಕೆಂದರೆ ಯಾರಾದರೂ ಕಪಾಟಿನಿಂದ ಕಡತ ಹೊರಗೆ ತೆಗೆಯಲೇಬೇಕು. ತೆಗೆದವರಿಗೆ ಟಿಪ್ಪಣಿ ಹಾಳೆಯಲ್ಲಿ ಕೊನೆಯ ಸಹಿ ಯಾರದು, ಯಾವ ದಿನದ್ದು ಎಂದು ಕಾಣುತ್ತದೆ. ಖಾಲಿ ಹಾಳೆಯ ದೃಢೀಕೃತ ಪ್ರತಿ ಕೊಡುವ ಬದಲು ಕೆಲಸವನ್ನೇ ಮುಗಿಸಿಬಿಡುವುದು ಎಷ್ಟೋ ಸಲ ಅವರಿಗೂ ಸುಲಭ. ಮಾಹಿತಿ ಬರುವ ಮೊದಲೇ ಪ್ರಮಾಣಪತ್ರ ಕೈಸೇರುವುದು ಇದರಿಂದಲೇ.

ಕರ್ನಾಟಕದಲ್ಲಿ ನಮೂನೆ ‘ಎ’ಯಲ್ಲಿ ಅರ್ಜಿ, ಶುಲ್ಕ 10 ರೂಪಾಯಿ. ಪ್ರತಿಗಳಿಗೆ ಎ4 ಪುಟವೊಂದಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಪಡಿತರ ಚೀಟಿಯ ಪ್ರತಿ ಇಡಿ. ನೇರ ಕೊಟ್ಟರೆ ನಗದು ಕೊಟ್ಟು ರಸೀದಿ ಪಡೆಯಿರಿ, ಅಂಚೆಯಲ್ಲಾದರೆ ಪೋಸ್ಟಲ್ ಆರ್ಡರ್ ಇಟ್ಟು ಅದರ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ. ರಾಜ್ಯದ ಆನ್‌ಲೈನ್ ಆರ್‌ಟಿಐ ಜಾಲತಾಣವೂ ಇದೆ. ಮಾಹಿತಿ ಏಕೆ ಬೇಕು ಎಂದು ಕೇಳುವ ಹಾಗಿಲ್ಲ, ಕೇಳಿದರೂ ಹೇಳಬೇಕಾಗಿಲ್ಲ.

ರಾಜ್ಯದ ನಿಯಮಗಳಲ್ಲಿ ಒಂದು ವಿಶೇಷವಿದೆ. ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಿನ್ನೆಲೆ, ಕಷ್ಟ, ಕೋಪ ಬರೆಯುತ್ತಾ ಹೋದರೆ ಈ ಒಂದೇ ಕಾರಣಕ್ಕೆ ಅರ್ಜಿ ವಾಪಸ್ ಬರುತ್ತದೆ. ‘ನನ್ನ ಕೆಲಸ ಏಕೆ ಆಗಿಲ್ಲ?’ ಎಂಬ ಪ್ರಶ್ನೆಯೂ ಬೇಡ. ಕಾಯ್ದೆ ಕೊಡಿಸುವುದು ದಾಖಲೆಯಲ್ಲಿ ಇರುವುದನ್ನು. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದ್ದರಿಂದ ‘ಏಕೆ’ ಬಿಟ್ಟು ‘ಯಾವ ಕಾಗದ’ ಎಂದು ಕೇಳಿ. ಕೆಳಗಿನ ಮಾದರಿಯನ್ನು ಹಾಗೆಯೇ ಬಳಸಬಹುದು.

‘ದಿನಾಂಕ ______ ರಂದು ಸಲ್ಲಿಸಿದ ನನ್ನ ಅರ್ಜಿಗೆ (ಸ್ವೀಕೃತಿ ಸಂಖ್ಯೆ ______) ಸಂಬಂಧಿಸಿ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ.
1. ಕಡತದ ಎಲ್ಲ ಟಿಪ್ಪಣಿ ಹಾಳೆಗಳು ಮತ್ತು ಪತ್ರ ವ್ಯವಹಾರ.
2. ಕಡತ ಯಾವ ಸಿಬ್ಬಂದಿಯ ಬಳಿ ಯಾವ ದಿನದಿಂದ ಯಾವ ದಿನದವರೆಗೆ ಇತ್ತು ಎಂದು ತೋರಿಸುವ ಕಡತ ಚಲನವಲನ ವಹಿಯ ಪುಟ ಅಥವಾ ಇ-ಆಫೀಸ್ ಚಲನವಲನದ ವಿವರ.
3. ಈ ಸೇವೆಗೆ ಕಾಲಮಿತಿ ಮತ್ತು ಅಗತ್ಯ ದಾಖಲೆಗಳನ್ನು ನಿಗದಿಪಡಿಸಿದ ಆದೇಶ ಅಥವಾ ಸುತ್ತೋಲೆ.
4. ನನ್ನ ಅರ್ಜಿಯ ನಂತರ ಇದೇ ಸೇವೆಗೆ ಬಂದ ಅರ್ಜಿಗಳ ಸ್ವೀಕೃತಿ ದಿನಾಂಕ ಮತ್ತು ವಿಲೇವಾರಿ ದಿನಾಂಕ ಇರುವ ವಹಿಯ ಪುಟಗಳು (ಹೆಸರು, ವಿಳಾಸ ಮರೆಮಾಡಿ ಕೊಡಬಹುದು).
5. ಸದರಿ ಕಡತವನ್ನು ಖುದ್ದು ಪರಿಶೀಲಿಸಲು ದಿನ, ಸಮಯ ತಿಳಿಸಿ.’

ಎರಡನೆಯ ಅಂಶ ಅತಿ ಮುಖ್ಯ, ಏಕೆಂದರೆ ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಅದರಲ್ಲಿ ಬಯಲಾಗುತ್ತದೆ. ನಾಲ್ಕನೆಯದು ಸರದಿ ತಪ್ಪಿದ್ದನ್ನು ತೋರಿಸುತ್ತದೆ. ಹೆಸರು ಮರೆಮಾಡಿ ಎಂದು ನಾವೇ ಬರೆದರೆ ‘ಬೇರೆಯವರ ವೈಯಕ್ತಿಕ ಮಾಹಿತಿ’ ಎಂಬ ನೆಪಕ್ಕೆ ಜಾಗ ಉಳಿಯುವುದಿಲ್ಲ. ಕೊಡಬಾರದ ಭಾಗ ತೆಗೆದು ಉಳಿದದ್ದನ್ನು ಕೊಡಬೇಕೆಂದು ಕಾಯ್ದೆಯ 10ನೇ ಕಲಮೇ ಹೇಳುತ್ತದೆ.

ಇನ್ನು ದಿನಗಳ ಲೆಕ್ಕ. ಇಲ್ಲಿ ರಜಾದಿನಗಳೂ ಸೇರುತ್ತವೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಬರಬೇಕು. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ‘ನಮಗೆ ಸಂಬಂಧಿಸಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಪಾಲಿಕೆಗಳು ಬದಲಾದ ಬೆಂಗಳೂರಿನಲ್ಲಿ ಈ 6(3)ನೇ ಕಲಂ ಬಹಳ ಉಪಯೋಗಕ್ಕೆ ಬರುತ್ತದೆ. ಪ್ರತಿಗಳ ಶುಲ್ಕ ಕಟ್ಟಿ ಎಂಬ ಪತ್ರ ಬಂದರೆ ತಕ್ಷಣ ಕಟ್ಟಿ, ಏಕೆಂದರೆ ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವ ದಿನದವರೆಗಿನ ಅವಧಿ 30 ದಿನದ ಲೆಕ್ಕಕ್ಕೆ ಸೇರುವುದಿಲ್ಲ. 30 ದಿನ ಮೀರಿದ ಮೇಲೆ ಕೊಟ್ಟರೆ ಪ್ರತಿಗಳು ಉಚಿತ. ಆಗ ಶುಲ್ಕ ಕೇಳಿದರೆ 7(6)ನೇ ಕಲಂ ನೆನಪಿಸಿ.

ಉತ್ತರ ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಪ್ರಥಮ ಮೇಲ್ಮನವಿ. ಅವರು 30 ದಿನದಲ್ಲಿ, ಕಾರಣ ಬರೆದರೆ ಗರಿಷ್ಠ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ಮಾಹಿತಿ ಕೊಡದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಆಯೋಗದಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಗಮನವೆಲ್ಲ ಮೊದಲ ಅರ್ಜಿ ಮತ್ತು ಪ್ರಥಮ ಮೇಲ್ಮನವಿಯ ಮೇಲಿರಲಿ. ಬಹುತೇಕ ಕಡತಗಳು ಇಷ್ಟರಲ್ಲೇ ಕದಲುತ್ತವೆ.

ಖುದ್ದು ಪರಿಶೀಲನೆಗೆ ದಿನ ಕೊಟ್ಟರೆ ತಪ್ಪದೆ ಹೋಗಿ. ಟಿಪ್ಪಣಿ ಹಾಳೆಗಳ ಪುಟಸಂಖ್ಯೆ ನಿರಂತರವಾಗಿದೆಯೇ, ನೀವು ಕೊಟ್ಟ ಲಗತ್ತುಗಳು ಅಷ್ಟೂ ಇವೆಯೇ ನೋಡಿ. ಬೇಕಾದ ಪುಟಗಳ ಸಂಖ್ಯೆ ಬರೆದುಕೊಟ್ಟು ಅವುಗಳ ಪ್ರತಿ ಮಾತ್ರ ಕೇಳಿದರೆ ಹಣವೂ ಉಳಿಯುತ್ತದೆ.

ರಸ್ತೆ, ನೀರು, ವಿದ್ಯುತ್

ಇವು ಅರ್ಜಿಯ ವಿಷಯಗಳಲ್ಲ, ದೂರಿನ ವಿಷಯಗಳು. ಬೆಂಗಳೂರು ಜಲಮಂಡಳಿಗೆ 1916, ವಿದ್ಯುತ್ತಿಗೆ 1912. ಕರೆ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆಯಿಲ್ಲದ ದೂರು ಕೊಡದಂತೆಯೇ. ವಿದ್ಯುತ್ ಬಿಲ್ಲಿನ ತಕರಾರು ಉಪವಿಭಾಗದಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ.

ಹೊಸದಾಗಿ ಹಾಕಿದ ರಸ್ತೆ ಮಳೆಗೆ ಕಿತ್ತುಹೋದರೆ ಬರೀ ದೂರು ಸಾಲದು. ಮಾಹಿತಿ ಹಕ್ಕಿನಡಿ ಆ ಕಾಮಗಾರಿಯ ಕಾರ್ಯಾದೇಶ, ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟಗಳು, ದೋಷ ಹೊಣೆಗಾರಿಕೆ ಅವಧಿ ಯಾವತ್ತಿನವರೆಗೆ ಎಂಬ ಷರತ್ತು ಕೇಳಿ. ಆ ಅವಧಿಯೊಳಗೆ ದುರಸ್ತಿಯ ಖರ್ಚು ಗುತ್ತಿಗೆದಾರರದು. ದಿನಾಂಕ ಕೈಗೆ ಬಂದ ಮೇಲೆ ‘ಅನುದಾನವಿಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ.

ಹಣ ಕೇಳಿದರೆ

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿ ಹಲವರಿಗೆ ಗೊತ್ತಿಲ್ಲ. ಈಗ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಿದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ವರದಿ ಮಾಡಿದವರಿಗೆ ರಕ್ಷಣೆಯುಂಟು. ತನಿಖಾ ಸಂಸ್ಥೆಗೆ ಮೊದಲೇ ತಿಳಿಸಿ, ಅದಕ್ಕೆ ನೆರವಾಗಲು ಕೊಟ್ಟರೂ ಅಪರಾಧವಲ್ಲ. ಆದ್ದರಿಂದ ‘ಕೊಟ್ಟು ಕೆಲಸ ಮುಗಿಸಿಕೊಂಡು ಆಮೇಲೆ ದೂರು ಕೊಡೋಣ’ ಎಂಬ ಯೋಚನೆ ಅಪಾಯಕಾರಿ.

ಕರ್ನಾಟಕದಲ್ಲಿ ಇಂಥ ದೂರು ಹೋಗಬೇಕಾದ್ದು ಲೋಕಾಯುಕ್ತ ಪೊಲೀಸರಿಗೆ. 2016ರಲ್ಲಿ ಬಂದಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಗೊಳಿಸಿದ ಮೇಲೆ ಆ ಅಧಿಕಾರ ಲೋಕಾಯುಕ್ತಕ್ಕೆ ಮರಳಿದೆ. ಹಣದ ಬೇಡಿಕೆ ಬಂದಾಗ ಅಲ್ಲೇ ‘ಇಲ್ಲ’ ಎಂದು ಮುಗಿಸಬೇಡಿ, ಹೂಂ ಎಂದು ಒಪ್ಪಿಕೊಳ್ಳಲೂ ಬೇಡಿ. ‘ಹೊಂದಿಸಲು ಸಮಯ ಬೇಕು’ ಎಂದು ಹೊರಬಂದು, ಯಾರು, ಎಷ್ಟು, ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದಿಟ್ಟುಕೊಳ್ಳಿ. ಬೇಡಿಕೆ ಇಟ್ಟದ್ದು ಸಾಬೀತಾಗದಿದ್ದರೆ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕರೆ ಅಥವಾ ಸಂದೇಶದಲ್ಲಿ ಬಂದ ಬೇಡಿಕೆಯನ್ನು ಅಳಿಸದೆ ಫೋನನ್ನು ಹಾಗೆಯೇ ಉಳಿಸಿಕೊಳ್ಳಿ. ಮಧ್ಯವರ್ತಿ ಕೇಳಿದ್ದಾದರೆ ಆತ ಯಾವ ಅಧಿಕಾರಿಯ ಹೆಸರು ಹೇಳಿದ ಎಂಬುದನ್ನೂ ಬರೆಯಿರಿ.

ಪ್ರಮಾಣಪತ್ರ ಕೈಗೆ ಬಂದಾಗ

ಸಂತೋಷದಲ್ಲಿ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ. ಕೌಂಟರ್ ಮುಂದೆಯೇ ನಿಂತು ಹೆಸರು, ತಂದೆ-ತಾಯಿಯ ಹೆಸರು, ದಿನಾಂಕ, ವಿಳಾಸ, ಆಸ್ತಿಯಾದರೆ ಚಕ್ಕುಬಂದಿ ಮತ್ತು ಅಳತೆ, ಕನ್ನಡ-ಇಂಗ್ಲಿಷ್ ಎರಡರಲ್ಲೂ ಓದಿ. ಕ್ಯೂಆರ್ ಸಂಕೇತವಿದ್ದರೆ ಫೋನಿನಲ್ಲಿ ತೋರಿಸಿ ತೆರೆಯುತ್ತದೆಯೇ ನೋಡಿ. ಅಲ್ಲೇ ಕಂಡ ತಪ್ಪನ್ನು ಆಗಲೇ ಸರಿಪಡಿಸುವಂತೆ ಕೇಳಬಹುದು. ಮನೆಗೆ ಹೋದ ಮೇಲೆ ಕಂಡದ್ದು ‘ತಿದ್ದುಪಡಿ’ ಎಂಬ ಬೇರೆಯೇ ಅರ್ಜಿಯಾಗುತ್ತದೆ. ಆದಾಯ ಪ್ರಮಾಣಪತ್ರದಂಥವುಗಳಿಗೆ ಅವಧಿಯೂ ಇರುತ್ತದೆ. ಮುಗಿಯುವ ದಿನಾಂಕವನ್ನು ಸ್ವೀಕೃತಿಗಳಿಟ್ಟ ಫೈಲಿನ ಮೇಲೆಯೇ ಬರೆದಿಡಿ. ಮುಂದಿನ ಸಲ ಶಾಲಾ ಪ್ರವೇಶದ ನೂಕುನುಗ್ಗಲಿಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ.